ಆರ್5868ರ ಹಳೇ ವಿಳಾಸಗಳು: ಹೆಂಡನ್‌ನಿಂದ ಸ್ಕ್ಯಾಂಪ್ಟನ್‌ವರೆಗೆ

ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟನ್ ಮತ್ತು ಕೆನಡಾ ಸೇರಿ 7,377 ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳನ್ನು ಕಟ್ಟಿದವು. ಹತ್ತಿರ ಹತ್ತಿರ ಅರ್ಧದಷ್ಟು ಯುದ್ಧದಲ್ಲೇ ಹೋದವು. ನೂರು ದಾಳಿ ಮುಗಿಸಿ ಉಳಿದವು ಸುಮಾರು 35 ಮಾತ್ರ. ಅವುಗಳಲ್ಲಿ ಒಂದರ ನಂಬರ್ ಆರ್5868. ಅದು 137 ಸಲ ಹೊರಟಿತು, ಅಷ್ಟೂ ಸಲ ವಾಪಸ್ ಬಂತು. ಈಗ ಲಂಡನ್ನಿನ ಹೆಂಡನ್‌ನಲ್ಲಿರುವ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿ ನಿಂತಿದೆ.

ಮಿಲ್ಟನ್ ಕೀನ್ಸ್‌ನಲ್ಲಿರುವ ತಮ್ಮನ ಮನೆಗೆ ಅಕ್ಟೋಬರಿನಲ್ಲಿ ಹೋಗಿದ್ದೆ. ನಾವಿಬ್ಬರೂ ಬೆಂಗಳೂರಿನ ವಿಮಾನಪುರದಲ್ಲಿ ಬೆಳೆದವರು. ಅಪ್ಪ ಎಚ್.ಎ.ಎಲ್.ನಲ್ಲಿ ಫಿಟ್ಟರ್. ಬರೀ ಮ್ಯೂಸಿಯಂ ನೋಡಿ ಬರುವುದು ಬೇಡ, ಆ ವಿಮಾನ ಎಲ್ಲೆಲ್ಲಿ ಇತ್ತೋ ಆ ಊರುಗಳಿಗೂ ಹೋಗೋಣ ಅಂತ ಇಬ್ಬರೂ ಮಾತಾಡಿಕೊಂಡೆವು. ಅವನು ರಜೆ ಹಾಕಿದ. ಹೊರಟೆವು.

ಮೊದಲ ದಿನ: ಹೆಂಡನ್

ಕಾರು ಬಿಟ್ಟು ಟ್ಯೂಬ್ ರೈಲಿನಲ್ಲೇ ಹೋದೆವು. ಮ್ಯೂಸಿಯಂಗೆ ಟಿಕೆಟ್ ಇಲ್ಲ, ಆದರೆ ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು. ನಾರ್ದರ್ನ್ ಲೈನ್‌ನ ಕೋಲಿಂಡೇಲ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಸಣ್ಣಗೆ ಮಳೆ ಹನಿಯುತ್ತಿತ್ತು. ಕೊಡೆ ಬಿಚ್ಚಿದರೆ ಗಾಳಿಗೆ ನಿಲ್ಲುವುದಿಲ್ಲ, ಮುಚ್ಚಿದರೆ ತಲೆ ನೆನೆಯುತ್ತದೆ. ಈ ದೇಶಕ್ಕೆ ಟೋಪಿ ಇರುವ ಜಾಕೆಟ್ಟೇ ಸರಿ.

ಬಾಂಬರ್‌ಗಳ ಹಾಲ್‌ನಲ್ಲಿ ಬೆಳಕು ಕಮ್ಮಿ. ಕಣ್ಣು ಹೊಂದಿಕೊಳ್ಳುವ ಹೊತ್ತಿಗೆ ತಲೆಯ ಮೇಲೆ ಕಪ್ಪಗೆ ಏನೋ ಚಾಚಿಕೊಂಡಿದೆ ಅನ್ನಿಸಿತು. ಅದು ಲ್ಯಾಂಕಾಸ್ಟರಿನ ರೆಕ್ಕೆ. ಒಂದು ತುದಿಯಿಂದ ಇನ್ನೊಂದಕ್ಕೆ 31 ಮೀಟರ್. ನಾಲ್ಕು ಮರ್ಲಿನ್ ಎಂಜಿನ್. ಹೊಟ್ಟೆಯ ಕೆಳಗೆ ಬಾಂಬ್ ಇಡುವ ಜಾಗವೇ 33 ಅಡಿ ಉದ್ದ. ಮನುಷ್ಯರಿಗೆ ಬಿಟ್ಟ ಜಾಗ ನೋಡಿದರೆ ಈ ವಿಮಾನ ಯಾರಿಗೋಸ್ಕರ ಕಟ್ಟಿದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಬಾಂಬಿಗೋಸ್ಕರ. ಅದರ ಸುತ್ತ ಏಳು ಜನ ಹೇಗೋ ತೂರಿಕೊಂಡು ಕೂರಬೇಕಿತ್ತು: ಪೈಲಟ್, ಫ್ಲೈಟ್ ಎಂಜಿನಿಯರ್, ನ್ಯಾವಿಗೇಟರ್, ವೈರ್‌ಲೆಸ್ ಆಪರೇಟರ್, ಬಾಂಬ್ ಬೀಳಿಸುವವನು, ಬೆನ್ನ ಮೇಲಿನ ಗನ್ನರ್, ಬಾಲದ ಗನ್ನರ್.

ಮೂತಿಯ ಎಡಭಾಗದಲ್ಲಿ ಸಾಲು ಸಾಲು ಪುಟ್ಟ ಬಾಂಬ್ ಚಿತ್ರಗಳಿವೆ. ಒಂದು ದಾಳಿಗೆ ಒಂದು ಚಿತ್ರ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: 'ಶತ್ರುವಿನ ಯಾವ ವಿಮಾನವೂ ಜರ್ಮನಿಯ ನೆಲದ ಮೇಲೆ ಹಾರುವುದಿಲ್ಲ.' ಇದು ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಹರ್ಮನ್ ಗೋರಿಂಗ್ ಕೊಚ್ಚಿಕೊಂಡಿದ್ದ ಮಾತು. ಇದನ್ನು ಬರೆದವನು ಪೈಲಟ್ ಅಲ್ಲ. ನೆಲದ ಮೇಲೆ ಕೆಲಸ ಮಾಡುತ್ತಿದ್ದ ಫಿಟ್ಟರ್, ಟೆಡ್ ವಿಲ್ಲೊಬಿ. ಫಿಟ್ಟರ್ ಮಕ್ಕಳಾದ ನಮಗೆ ಈ ವಿಷಯ ಬಹಳ ಖುಷಿ ಕೊಟ್ಟಿತು.

ವಿಮಾನದ ಕಥೆ ಹೀಗೆ. ಮ್ಯಾಂಚೆಸ್ಟರಿನ ಮೆಟ್ರೊಪಾಲಿಟನ್ ವಿಕರ್ಸ್ ಕಾರ್ಖಾನೆಯಲ್ಲಿ ತಯಾರಾಯಿತು. 1942ರಲ್ಲಿ ಲಿಂಕನ್ ಬಳಿಯ ಸ್ಕ್ಯಾಂಪ್ಟನ್ ನೆಲೆಯಲ್ಲಿದ್ದ 83ನೇ ಸ್ಕ್ವಾಡ್ರನ್‌ಗೆ, ಅಂದರೆ ವಾಯುಪಡೆಯ ಒಂದು ತುಕಡಿಗೆ, ಬಂತು. ಅಲ್ಲಿ ಅದರ ಅಕ್ಷರ ಕ್ಯೂ, ಕರೆಯುವ ಹೆಸರು ಕ್ವೀನಿ. 1943ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ 467ನೇ ಸ್ಕ್ವಾಡ್ರನ್‌ಗೆ ಹೋಯಿತು. ಅಲ್ಲಿ ಎಸ್ ಅಕ್ಷರ, ಎಸ್ ಫಾರ್ ಶುಗರ್. ಇವತ್ತಿಗೂ ಎಲ್ಲರೂ ಹೇಳುವುದು ಆ ಹೆಸರನ್ನೇ.

ನನಗೆ ಬಹಳ ಮುಖ್ಯ ಅನ್ನಿಸಿದ್ದು ಇನ್ನೊಂದು ಹೆಸರು. ಶೈಲೇಂದ್ರ ಏಕನಾಥ ಸುಕ್ತಂಕರ್. ಭಾರತದಿಂದ ಹೋಗಿ ಬ್ರಿಟಿಷ್ ಬಾಂಬರ್ ಪಡೆಯಲ್ಲಿ ನ್ಯಾವಿಗೇಟರ್ ಆದವರು. ಒಟ್ಟು 45 ದಾಳಿಗಳಿಗೆ ಹೋಗಿ ಬದುಕಿ ಬಂದರು. ಅದರಲ್ಲಿ 14 ಸಲ ಕೂತಿದ್ದು ಇದೇ ಆರ್5868ರಲ್ಲಿ. ಶೌರ್ಯಕ್ಕೆ ಕೊಡುವ ಡಿ.ಎಫ್.ಸಿ. ಪದಕ ಸಿಕ್ಕಿತು. ಕಾರವಾರದ ಕಡೆ ಕೇಳುವಂಥ ಮನೆತನದ ಹೆಸರು ಅಲ್ವಾ! ನಮ್ಮ ಶಾಲೆಯ ಪಾಠದಲ್ಲಿ ಎಲ್ಲೂ ಈ ಹೆಸರು ಬಂದಿರಲಿಲ್ಲ.

ನ್ಯಾವಿಗೇಟರ್ ಕೂರುತ್ತಿದ್ದದ್ದು ಪೈಲಟ್ಟಿನ ಹಿಂದೆ, ಪರದೆ ಎಳೆದ ಮೂಲೆಯಲ್ಲಿ. ಸಣ್ಣ ದೀಪ, ನಕ್ಷೆ, ಪೆನ್ಸಿಲು. ಹೊರಗೆ ಬೆಂಕಿ ಬಿದ್ದರೂ ನೋಡುವ ಹಾಗಿಲ್ಲ. ಗಾಳಿ ಎಷ್ಟು ತಳ್ಳಿತು, ಈಗ ಎಲ್ಲಿದ್ದೇವೆ, ಎಷ್ಟು ಹೊತ್ತಿಗೆ ತಿರುಗಬೇಕು ಅಂತ ರಾತ್ರಿಯಿಡೀ ಲೆಕ್ಕ ಹಾಕುತ್ತಲೇ ಇರಬೇಕು. ಲೆಕ್ಕ ತಪ್ಪಿದರೆ ಏಳೂ ಜನರಿಗೆ ಕಷ್ಟ. ಅದೂ 83ನೇ ಸ್ಕ್ವಾಡ್ರನ್ 1942ರ ಆಗಸ್ಟಿನಿಂದ ಪಾತ್‌ಫೈಂಡರ್ ಪಡೆಗೆ ಸೇರಿತ್ತು. ಅಂದರೆ ಎಲ್ಲರಿಗಿಂತ ಮೊದಲು ಹೋಗಿ, ಹಿಂದೆ ಬರುವವರಿಗೆ ಬಣ್ಣದ ಬೆಂಕಿ ಉದುರಿಸಿ ಗುರುತು ಹಾಕಿಕೊಡುವ ಕೆಲಸ.

ಅದೇ ಹಾಲ್‌ನಲ್ಲಿ ಒಂದು ಹ್ಯಾಲಿಫ್ಯಾಕ್ಸ್ ಬಾಂಬರ್ ಇದೆ. ತುಕ್ಕು ಹಿಡಿದು, ತೂತು ಬಿದ್ದು, ನೀರಿನಿಂದ ಎತ್ತಿದ ಹಾಗೇ ಇಟ್ಟಿದ್ದಾರೆ. 1942ರ ಏಪ್ರಿಲಿನಲ್ಲಿ ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆಯ ಮೇಲೆ ದಾಳಿಗೆ ಹೋಗಿ ಗುಂಡೇಟು ತಿಂದು, ನಾರ್ವೆಯ ಹೆಪ್ಪುಗಟ್ಟಿದ ಕೆರೆಯೊಂದರ ಮೇಲೆ ಇಳಿಯಿತು. ಅದು ಆ ವಿಮಾನದ ಮೊದಲನೇ ದಾಳಿ. ಕಾಲಿಗೆ ಪೆಟ್ಟಾದ ಫ್ಲೈಟ್ ಎಂಜಿನಿಯರ್ ಸೆರೆ ಸಿಕ್ಕಿದ. ಉಳಿದವರು ಹಿಮದಲ್ಲಿ ನಡೆದು ಸ್ವೀಡನ್ ಸೇರಿಕೊಂಡರು. ವಿಮಾನ ಮಂಜುಗಡ್ಡೆ ಒಡೆದು ಮುಳುಗಿತು. 1973ರಲ್ಲಿ ಮೇಲೆತ್ತಿದರು. ಪಕ್ಕದಲ್ಲಿ 137 ದಾಳಿಯ ಲ್ಯಾಂಕಾಸ್ಟರ್, ಇಲ್ಲಿ ಒಂದೇ ದಾಳಿಯ ಹ್ಯಾಲಿಫ್ಯಾಕ್ಸ್. ಇದಕ್ಕೆ ಬಣ್ಣ ಬಳಿಯದೆ ಬಿಟ್ಟದ್ದು ಒಳ್ಳೆಯ ತೀರ್ಮಾನ ಅನ್ನುವುದು ನನ್ನ ಅಭಿಪ್ರಾಯ.

ಅಲ್ಲಿಂದ ತಮ್ಮ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದ. "ಅಕ್ಕ, ಇದನ್ನು ನೋಡು, ಇದು ನಮ್ಮ ಕಡೆಯದು." ಲಿಬರೇಟರ್ ಬಾಂಬರ್, ನಂಬರ್ ಕೆಎನ್751. ಯುದ್ಧ ಮುಗಿದಾಗ ಇಂಥ ಎಷ್ಟೋ ವಿಮಾನಗಳನ್ನು ಕಾನ್ಪುರದಲ್ಲಿ ಬಿಟ್ಟು ಹೋಗಿದ್ದರು. ಮತ್ತೆ ಹಾರದ ಹಾಗೆ ಕೆಡಿಸಿಯೂ ಇದ್ದರು. 1948ರಿಂದ ಎಚ್.ಎ.ಎಲ್.ನವರು ಅವುಗಳನ್ನು ಒಂದೊಂದಾಗಿ ಸುಮಾರಾಗಿ ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿ ತಂದು, ಪೂರ್ತಿ ಸರಿಮಾಡಿ ವಾಯುಪಡೆಗೆ ಕೊಟ್ಟರು. ಎಚ್.ಎ.ಎಲ್.ನ ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಆ ಮುರುಕು ವಿಮಾನಗಳನ್ನು ಹಾರಿಸಿಕೊಂಡು ಬಂದವರು. ಭಾರತದ ವಾಯುಪಡೆ ಅವನ್ನು 1968ರವರೆಗೆ ಬಳಸಿತು. ಅದರಲ್ಲಿ ಒಂದನ್ನು 1974ರಲ್ಲಿ ಈ ಮ್ಯೂಸಿಯಂಗೆ ಉಡುಗೊರೆ ಕೊಟ್ಟಿತು. ಅದು ಭಾರತದಿಂದ ಇಂಗ್ಲೆಂಡಿಗೆ ಹಾರಿಕೊಂಡೇ ಬಂತು!

ಅಪ್ಪ ಕೆಲಸಕ್ಕೆ ಸೇರಿದ ಕಾಲಕ್ಕೆ ಲಿಬರೇಟರ್ ರಿಪೇರಿ ಮಾಡಿದ್ದ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದರು. ಅವರ ಬಗ್ಗೆ ಊಟದ ಹೊತ್ತಿಗೆ ಅಪ್ಪ ಹೇಳುತ್ತಿದ್ದರು. ಪುಸ್ತಕ ಇಲ್ಲ, ಹೊಸ ಬಿಡಿಭಾಗ ಇಲ್ಲ, ಒಂದು ವಿಮಾನದ್ದು ಬಿಚ್ಚಿ ಇನ್ನೊಂದಕ್ಕೆ ಹಾಕಿ ನಿಲ್ಲಿಸಿದರಂತೆ. ನಾವು ಆ ವಿಮಾನದ ಮುಂದೆ ತುಂಬಾ ಹೊತ್ತು ನಿಂತೆವು. ಅಲ್ಲಿದ್ದ ವಯಸ್ಸಾದ ಸ್ವಯಂಸೇವಕರೊಬ್ಬರು ಹತ್ತಿರ ಬಂದು ಮಾತಾಡಿಸಿದರು. ಬೆಂಗಳೂರಿನವರು ಅಂದ ಕೂಡಲೇ, "ಹಾಗಾದರೆ ಇದು ಹೇಗೆ ಬದುಕಿತು ಅಂತ ನೀವೇ ನನಗೆ ಹೇಳಬೇಕು" ಅಂದರು. ನಮಗೆ ಗೊತ್ತಿದ್ದಷ್ಟು ಹೇಳಿದೆವು. ಅವರು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು.

ಸಂಜೆ ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಮಸಾಲೆ ದೋಸೆ ತಿಂದೆವು. ಚಟ್ನಿಗೆ ಖಾರ ಕಮ್ಮಿ, ಆದರೆ ದೋಸೆ ಗರಿಗರಿಯಾಗಿತ್ತು. ಮುಂದಿನ ದಿನಗಳಲ್ಲಿ ಏನು ಸಿಗುತ್ತದೋ ಅಂತ ಇನ್ನೊಂದು ಹೇಳಿದೆವು.

ಮರುದಿನ: ಬಾಟೆಸ್‌ಫರ್ಡ್

ಬೆಳಿಗ್ಗೆ ಎ1 ಹೆದ್ದಾರಿ ಹಿಡಿದು ಉತ್ತರಕ್ಕೆ. ಗ್ರಾಂಥಮ್ ಬಳಿ ಎಡಕ್ಕೆ ತಿರುಗಿದ ಮೇಲೆ ರಸ್ತೆ ಸಣ್ಣದಾಯಿತು. ಅಕ್ಟೋಬರ್ ಅಂದರೆ ಸಕ್ಕರೆ ಬೀಟ್ ಕೀಳುವ ಕಾಲ. ಬೀಟ್ ತುಂಬಿದ ಟ್ರ್ಯಾಕ್ಟರ್ ಮುಂದೆ ಸಿಕ್ಕಿಬಿಟ್ಟರೆ ಮೈಲಿಗಟ್ಟಲೆ ಅದರ ಹಿಂದೆಯೇ ಹೋಗಬೇಕು. ರಸ್ತೆಯ ಮೇಲೆಲ್ಲ ಕೆಸರು. ಮಂಡ್ಯದ ಕಡೆ ಕಬ್ಬಿನ ಎತ್ತಿನ ಗಾಡಿ ಹಿಂದೆ ಸಿಕ್ಕಿಕೊಂಡ ಹಾಗೇ ಇತ್ತು. ಆತುರ ಮಾಡದಿದ್ದರೆ ಅದೂ ಚೆನ್ನಾಗಿರುತ್ತದೆ. ಎರಡೂ ಕಡೆ ಉತ್ತ ಹೊಲ, ದೂರದ ದಿಣ್ಣೆಯ ಮೇಲೆ ಬೀವರ್ ಕೋಟೆ.

ಆಸ್ಟ್ರೇಲಿಯಾದ 467ನೇ ಸ್ಕ್ವಾಡ್ರನ್ 1942ರ ನವೆಂಬರಿನಿಂದ ಒಂದು ವರ್ಷ ಇಲ್ಲಿತ್ತು. ಆರ್5868 ಅವರ ಕೈಗೆ ಬಂದದ್ದು ಇಲ್ಲೇ. ಹಳೇ ಏರ್‌ಫೀಲ್ಡ್ ಈಗ ಖಾಸಗಿ ಜಾಗ, ಗೋದಾಮುಗಳಿವೆ. ಒಳಗೆ ಬಿಡುವುದಿಲ್ಲ. ಹೊರಗಿನ ರಸ್ತೆಯಲ್ಲಿ ನಿಂತು ಬೇಲಿಯಾಚೆ ನೋಡಿದೆವು. ಒಂದು ವರ್ಷ ಇಲ್ಲಿಂದ ರಾತ್ರಿಗಟ್ಟಲೆ ಹುಡುಗರು ಹೋಗುತ್ತಿದ್ದರು. ಅವರ ಸರಾಸರಿ ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ತಮ್ಮನ ದೊಡ್ಡ ಮಗನಿಗೆ ಈಗ ಅಷ್ಟೇ ವಯಸ್ಸು. ಅದನ್ನು ತಮ್ಮನೇ ಹೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದ.

ಊರಿನ ಸೇಂಟ್ ಮೇರಿ ಚರ್ಚಿನ ಗೋಪುರ ಎಲ್ಲಿಂದ ನೋಡಿದರೂ ಕಾಣುತ್ತದೆ. ಒಳಗೆ ಬೀವರ್ ಕೋಟೆಯ ಒಡೆಯರಾಗಿದ್ದ ರಟ್‌ಲಂಡ್ ಅರ್ಲ್‌ಗಳ ಸಮಾಧಿಗಳಿವೆ. ಅದರಲ್ಲಿ ಒಂದು ವಿಚಿತ್ರ. ಆರನೇ ಅರ್ಲನ ಇಬ್ಬರು ಗಂಡುಮಕ್ಕಳು ಮಾಟ ಮಂತ್ರದಿಂದ ಸತ್ತರು ಅಂತ ಕಲ್ಲಿನಲ್ಲೇ ಕೆತ್ತಿದ್ದಾರೆ. ಮಾಟ ಮಾಡಿದರು ಅಂತ ಆ ಮನೆಯಲ್ಲಿ ಕೆಲಸಕ್ಕಿದ್ದ ಮಾರ್ಗರೆಟ್, ಫಿಲಿಪ್ಪಾ ಎಂಬ ಅಕ್ಕತಂಗಿಯರನ್ನು 1619ರಲ್ಲಿ ಲಿಂಕನ್‌ನಲ್ಲಿ ನೇಣಿಗೆ ಹಾಕಿದರು. ವಿಮಾನಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ಬಾಟೆಸ್‌ಫರ್ಡ್‌ಗೆ ಹೋದವರು ಇದನ್ನು ನೋಡದೆ ಬರಬಾರದು.

ಮಧ್ಯಾಹ್ನ ಹತ್ತಿರದ ಒಂದು ಟೀ ಅಂಗಡಿಗೆ ಹೋದೆವು. ಈ ಬಯಲು ಸ್ಟಿಲ್ಟನ್ ಚೀಸ್‌ಗೆ ಹೆಸರುವಾಸಿ. ನೀಲಿ ಗೆರೆಗಳಿರುವ, ವಾಸನೆ ಜೋರಾದ ಚೀಸ್. ನನಗೆ ಒಗ್ಗಲಿಲ್ಲ, ತಮ್ಮನಿಗೆ ಬಹಳ ಇಷ್ಟ. ಅಂಗಡಿಯ ಹೆಂಗಸು ನಾವು ಯಾಕೆ ಬಂದದ್ದು ಅಂತ ಕೇಳಿದರು. ಹೇಳಿದ ಮೇಲೆ ಕುರ್ಚಿ ಎಳೆದುಕೊಂಡು ನಮ್ಮ ಜೊತೆಗೇ ಕೂತರು. ಅವರ ಅಜ್ಜಿ ಆಸ್ಟ್ರೇಲಿಯಾದ ಹುಡುಗರ ಬಟ್ಟೆ ಒಗೆದು ಕೊಡುತ್ತಿದ್ದರಂತೆ. ಆ ಹುಡುಗರು ದುಡ್ಡಿನ ಜೊತೆ ತಮ್ಮ ಮನೆಯಿಂದ ಬಂದ ಡಬ್ಬಿ ಹಣ್ಣನ್ನೂ ಕೊಡುತ್ತಿದ್ದರು. ರೇಷನ್ ಕಾಲದಲ್ಲಿ ಪೀಚ್ ಹಣ್ಣಿನ ಡಬ್ಬಿ ಅಂದರೆ ಹಬ್ಬ. "ಒಗೆದು ಮಡಿಸಿಟ್ಟ ಬಟ್ಟೆ ತಗೊಳ್ಳೋಕೆ ಕೆಲವು ಸಲ ಯಾರೂ ಬರ್ತಿರಲಿಲ್ಲ. ಅಜ್ಜಿ ಅದನ್ನು ಒಂದು ವಾರ ಇಟ್ಟುಕೊಂಡು ಆಮೇಲೆ ಕ್ಯಾಂಪಿಗೆ ಕೊಟ್ಟು ಬರ್ತಿದ್ದರು" ಅಂದರು.

ಲಿಂಕನ್

ಸ್ಟೀಪ್ ಹಿಲ್ ಅನ್ನುವ ಬೀದಿ ಹೆಸರಿಗೆ ತಕ್ಕ ಹಾಗೇ ಇದೆ. ಕಲ್ಲು ಹಾಸಿನ ದಾರಿ, ಮಳೆಗೆ ಜಾರುತ್ತದೆ. ಒಳ್ಳೆಯ ಷೂ ಹಾಕಿಕೊಂಡೇ ಹತ್ತಬೇಕು. ಮಧ್ಯೆ ಮಧ್ಯೆ ಪುಸ್ತಕದಂಗಡಿ, ಬೇಕರಿ. ಇಲ್ಲಿಯ ಪ್ಲಮ್ ಬ್ರೆಡ್ ರುಚಿ. ಒಣದ್ರಾಕ್ಷಿ ಹಾಕಿದ ಬ್ರೆಡ್ಡಿಗೆ ಬೆಣ್ಣೆ ಸವರಿ, ಜೊತೆಗೆ ಚೀಸ್ ತುಂಡು ಇಟ್ಟು ಕೊಡುತ್ತಾರೆ. ಸಸ್ಯಾಹಾರಿಗಳು ಕೊಳ್ಳುವ ಮೊದಲು ಕೇಳಬೇಕು. ಹಳೇ ಪದ್ಧತಿಯ ಬೇಕರಿಗಳು ಅದಕ್ಕೆ ಹಂದಿಯ ಕೊಬ್ಬು ಹಾಕುತ್ತವೆ. ಈ ಕಡೆ ಆಲೂಗಡ್ಡೆ ಚಿಪ್ಸನ್ನೂ ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮಗೆ ಬೆಣ್ಣೆ ಹಾಕಿದ್ದನ್ನೇ ಹುಡುಕಿ ಕೊಟ್ಟರು.

ಗುಡ್ಡದ ತುದಿಯಲ್ಲಿ ಕೆಥೆಡ್ರಲ್. ಮೂರು ಗೋಪುರ. ಸುತ್ತಲಿನ ಏರ್‌ಫೀಲ್ಡುಗಳಿಂದ ಹೊರಟ ಬಾಂಬರ್‌ಗಳಿಗೆ ಇದೇ ಗುರುತು. ವಾಪಸ್ ಬರುವಾಗ ಬೆಳಗಿನ ಮಂಜಿನ ಮೇಲೆ ಈ ಗೋಪುರಗಳು ಕಂಡರೆ ಮನೆ ಬಂತು ಅಂತ ಲೆಕ್ಕ. ಒಳಗೆ ವಾಯುಪಡೆಯ ಪ್ರಾರ್ಥನಾ ಕೋಣೆಯಲ್ಲಿ ಸತ್ತವರ ಹೆಸರಿನ ದಪ್ಪ ಪುಸ್ತಕಗಳಿವೆ.

ಮಧ್ಯಾಹ್ನ ಕ್ಯಾನ್‌ವಿಕ್ ಹಿಲ್ ಮೇಲಿರುವ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್‌ಗೆ ಹೋದೆವು. ಬಯಲಲ್ಲಿ ತುಕ್ಕು ಬಣ್ಣದ ಉಕ್ಕಿನ ಕಂಬ ನಿಂತಿದೆ. ಅದರ ಎತ್ತರ 31 ಮೀಟರ್, ಅಂದರೆ ಲ್ಯಾಂಕಾಸ್ಟರಿನ ರೆಕ್ಕೆಯಷ್ಟು. ಸುತ್ತ ಉಕ್ಕಿನ ಗೋಡೆಗಳು, ಅವುಗಳಲ್ಲಿ ಹತ್ತಿರ ಹತ್ತಿರ 58,000 ಹೆಸರು. ಅಕ್ಷರಗಳನ್ನು ಉಕ್ಕು ಕೊರೆದು ತೆಗೆದಿದ್ದಾರೆ, ಅದರೊಳಗಿಂದ ಆಚೆಯ ಬೆಳಕು ಕಾಣುತ್ತದೆ. ಕೆಲವು ಹೆಸರಿನ ತೂತಿನಲ್ಲಿ ಯಾರೋ ಕೆಂಪು ಕಾಗದದ ಹೂ ಸಿಕ್ಕಿಸಿ ಹೋಗಿದ್ದರು.

ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು 1,25,000. ಅವರಲ್ಲಿ ಸತ್ತವರು 55,573. ನೂರರಲ್ಲಿ ನಲವತ್ತನಾಲ್ಕು ಜನ. ಈ ಲೆಕ್ಕ ಎಷ್ಟೋ ಸಲ ಓದಿದ್ದೆ. ಗೋಡೆಯ ಪಕ್ಕ ನಡೆಯುವಾಗ ಅದು ಬೇರೆಯೇ ಆಗುತ್ತದೆ. ಒಂದು ಗೋಡೆ ಮುಗಿಯಿತು ಅಂದರೆ ಇನ್ನೊಂದು ಇರುತ್ತದೆ. ನಾನು ಹುಡುಕಿದ ಹೆಸರು ರೇಮಂಡ್ ಹಿಲ್ಟನ್. 1942ರ ಜುಲೈ 8ರ ರಾತ್ರಿ ಆರ್5868 ಮೊದಲ ಸಲ ಜರ್ಮನಿಯ ವಿಲ್ಹೆಲ್ಮ್ಸ್‌ಹಾಫನ್‌ಗೆ ಹೋದಾಗ ಅದನ್ನು ನಡೆಸಿದ್ದು ಅವರು. ಮುಂದೆ 83ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರಾದರು. 1943ರ ನವೆಂಬರಿನಲ್ಲಿ ಬರ್ಲಿನ್ ದಾಳಿಯಲ್ಲಿ ಸತ್ತರು, ಬೇರೆ ಲ್ಯಾಂಕಾಸ್ಟರಿನಲ್ಲಿ. ಇದನ್ನು ಇಲ್ಲಿ ನಿಂತು ಯೋಚಿಸಿದೆ. ವಿಮಾನ ಅದೃಷ್ಟದ್ದು ಅನ್ನುತ್ತೇವೆ. ಆದರೆ ಅದರಲ್ಲಿ ಕೂತವರಿಗೆ ಆ ಅದೃಷ್ಟ ಅಂಟಿಕೊಳ್ಳಲಿಲ್ಲ. ಒಂದು ಪಾಳಿಗೆ 30 ದಾಳಿ. ಅವು ಮುಗಿಯುವ ತನಕ ಕೈಗೆ ಸಿಕ್ಕ ವಿಮಾನದಲ್ಲಿ ಹೋಗಬೇಕು. ಆರ್5868 ತೆರವಿದ್ದರೆ ಅದು, ಇಲ್ಲದಿದ್ದರೆ ಇನ್ನೊಂದು.

ಒಳಗಿನ ಪ್ರದರ್ಶನದಲ್ಲಿ ಜರ್ಮನಿಯ ಜನರ ಮಾತುಗಳೂ ಇವೆ. ಹ್ಯಾಂಬರ್ಗ್, ಡ್ರೆಸ್ಡನ್‌ನಲ್ಲಿ ಬೆಂಕಿಗೆ ಸಿಕ್ಕವರು, ನೆಲಮಾಳಿಗೆಯಲ್ಲಿ ಮಕ್ಕಳನ್ನು ಅಪ್ಪಿಕೊಂಡು ಕೂತವರು. ಇದನ್ನು ಸೇರಿಸಿದ್ದಕ್ಕೆ ನನಗೆ ಆ ಜಾಗದ ಮೇಲೆ ಗೌರವ ಜಾಸ್ತಿಯಾಯಿತು. ಹೆಂಡನ್‌ನಲ್ಲಿ ನೋಡಿದ ಬಾಂಬ್ ಚಿತ್ರಗಳಲ್ಲಿ ಒಂದೊಂದೂ ಯಾವುದೋ ಊರಿನ ಒಂದು ರಾತ್ರಿ. ಹುಡುಗರ ಧೈರ್ಯ ದೊಡ್ಡದು. ಕೆಳಗೆ ಸತ್ತವರ ಸಂಕಟವೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಈ ವಿಮಾನದ ಕಥೆ ಅರ್ಧವೇ ಆಗುತ್ತದೆ.

ವ್ಯಾಡಿಂಗ್‌ಟನ್ ದಾರಿಯಲ್ಲಿ

ಬೆಳಿಗ್ಗೆ ದಟ್ಟ ಮಂಜು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹಾಗೇ ನಿಧಾನವಾಗಿ ಹೋಗುವಾಗ ಎಡಗಡೆ ಹಿಂದಿನ ಟೈರು ಪಂಕ್ಚರ್. ಹೊಲದಿಂದ ಬಂದ ಕೆಸರಿನಲ್ಲಿದ್ದ ಚೂಪು ಕಲ್ಲು ಚುಚ್ಚಿಕೊಂಡಿತ್ತು. ಈಗಿನ ಎಷ್ಟೋ ಕಾರುಗಳ ಹಾಗೆ ತಮ್ಮನ ಕಾರಿನಲ್ಲೂ ಸ್ಟೆಪ್ನಿ ಇಲ್ಲ. ಫೋನ್ ಮಾಡಿ ಹುಲ್ಲಿನ ಮೇಲೆ ಕಾಯುತ್ತಾ ನಿಂತೆವು. ಥಂಡಿ ಮೂಳೆಗೆ ಇಳಿಯಿತು.

ನಾಯಿ ಜೊತೆ ಬರುತ್ತಿದ್ದ ರೈತರೊಬ್ಬರು ನಮ್ಮನ್ನು ನೋಡಿ ಹತ್ತಿರದಲ್ಲೇ ಇದ್ದ ತಮ್ಮ ಮನೆಗೆ ಕರೆದುಕೊಂಡು ಹೋದರು. ಚಹಾ ಕೊಟ್ಟರು, ಜೊತೆಗೆ ಗಟ್ಟಿ ಬಿಸ್ಕೆಟ್ಟು. ಮಂಜಿನ ಮಾತು ಬಂತು. ಯುದ್ಧದ ಕಾಲದಲ್ಲಿ ಶತ್ರುವಿನಷ್ಟೇ ಹೆದರಿಕೆ ಇದ್ದದ್ದು ಈ ಮಂಜಿಗೆ ಅಂದರು. ಏಳೆಂಟು ಗಂಟೆ ಹಾರಿ ಬಂದು, ಪೆಟ್ರೋಲ್ ಮುಗಿಯುತ್ತಾ ಬಂದಾಗ ನೆಲವೇ ಕಾಣದಿದ್ದರೆ? ಅವರ ತಂದೆಯ ಹೊಲದಲ್ಲೇ ಒಂದು ವಿಮಾನ ಬಿದ್ದಿತ್ತಂತೆ. ಈಗಲೂ ಉಳುವಾಗ ಅಲ್ಯುಮಿನಿಯಂ ಚೂರುಗಳು ಮೇಲೆ ಬರುತ್ತವೆ. ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದರು, ತೋರಿಸಿದರು. ಒಂದು ಚೂರಿಗೆ ರಿವೆಟ್ ಇನ್ನೂ ಹಾಗೇ ಇತ್ತು. ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಅಪ್ಪನ ಕೈಯ ಮೇಲಿನ ಹಳೇ ಗಾಯಗಳೆಲ್ಲ ರಿವೆಟ್ ಹೊಡೆಯುವಾಗ ಆದವು.

ಟೈರು ಸರಿಯಾಗಿ ವ್ಯಾಡಿಂಗ್‌ಟನ್ ಮುಟ್ಟುವಾಗ ಬಿಸಿಲು ಬಂದಿತ್ತು. 467ನೇ ಸ್ಕ್ವಾಡ್ರನ್ 1943ರ ನವೆಂಬರಿನಲ್ಲಿ ಇಲ್ಲಿಗೆ ಬಂತು. ಇದು ಇವತ್ತಿಗೂ ವಾಯುಪಡೆಯ ನೆಲೆ, ಒಳಗೆ ಬಿಡುವುದಿಲ್ಲ. ಊರಿನ ಚರ್ಚು ಹೊಸದು, ಹಳೆಯದು 1941ರ ಜರ್ಮನ್ ದಾಳಿಯಲ್ಲಿ ಹೋಯಿತು. ಊರ ನಡುವೆ ಆಸ್ಟ್ರೇಲಿಯಾದ 463, 467ನೇ ಸ್ಕ್ವಾಡ್ರನ್‌ಗಳ ನೆನಪಿಗೆ ಗಡಿಯಾರ ನಿಲ್ಲಿಸಿದ್ದಾರೆ. 467 ಒಂದರಲ್ಲೇ ಸತ್ತವರು 760. ಕಳೆದುಕೊಂಡ ವಿಮಾನ 118.

ಆರ್5868 ಕಳೆದುಹೋಗಲು ಒಂದು ಕೂದಲೆಳೆ ಬಾಕಿ ಇದ್ದದ್ದೂ ಈ ಕಾಲದಲ್ಲೇ. 1943ರ ನವೆಂಬರ್ 26ರ ರಾತ್ರಿ, ಬರ್ಲಿನ್ ಮೇಲೆ. ಪೈಲಟ್ ಜೆ. ಎ. ಕಾಲ್ಪಸ್. ಬಾಂಬ್ ಹಾಕಿ ಆಗಿತ್ತು. ಸರ್ಚ್‌ಲೈಟುಗಳು ಹಿಡಿದುಕೊಂಡವು. ತಪ್ಪಿಸಿಕೊಳ್ಳಲು ವಿಮಾನವನ್ನು ಅತ್ತಿತ್ತ ತಿರುಗಿಸುವಾಗ ಕತ್ತಲಲ್ಲಿ ಇನ್ನೊಂದು ಲ್ಯಾಂಕಾಸ್ಟರಿಗೆ ಬಡಿಯಿತು. ರೆಕ್ಕೆಯ ತುದಿ ಕಿತ್ತುಹೋಯಿತು. ಹಾಗಿದ್ದೂ ಇಂಗ್ಲೆಂಡಿಗೆ ವಾಪಸ್ ತಂದು ಇಳಿಸಿದರು. ರಿಪೇರಿ ಮುಗಿದು ಮತ್ತೆ ಸ್ಕ್ವಾಡ್ರನ್ ಸೇರಿದ್ದು 1944ರ ಫೆಬ್ರುವರಿಯಲ್ಲಿ. ರಾತ್ರಿ ಆಕಾಶದಲ್ಲಿ ದೀಪ ಆರಿಸಿಕೊಂಡು ನೂರಾರು ವಿಮಾನಗಳು ಒಂದೇ ಜಾಗಕ್ಕೆ ಹೋಗುತ್ತಿದ್ದವು ಅನ್ನುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

1944ರ ಮೇ 11ರ ರಾತ್ರಿ ಬೆಲ್ಜಿಯಂನ ಬೂರ್ಗ್ ಲಿಯೊಪೋಲ್ಡ್‌ನಲ್ಲಿದ್ದ ಜರ್ಮನ್ ಸೇನಾ ಶಿಬಿರದ ಮೇಲೆ ಹೋದದ್ದನ್ನು ಅದರ ನೂರನೇ ದಾಳಿ ಅಂತ ಎಣಿಸಿದರು. ಪೈಲಟ್ ಟಿ. ಎನ್. ಸ್ಕೋಲ್‌ಫೀಲ್ಡ್. ವಾಪಸ್ ಬಂದ ಮೇಲೆ ಇಡೀ ಕ್ಯಾಂಪ್ ಮೂತಿಯ ಮುಂದೆ ಸೇರಿ ತೆಗೆಸಿಕೊಂಡ ಫೋಟೋ ಈಗಲೂ ಇದೆ. ಅದರಲ್ಲಿ ನನಗಿಷ್ಟವಾದವರು ಎಣ್ಣೆ ಹತ್ತಿದ ಬಟ್ಟೆಯಲ್ಲಿರುವ ನೆಲದ ಕೆಲಸಗಾರರು. ಹಾರುವವರು ಬದಲಾಗುತ್ತಾ ಹೋದರು. ಬಯಲಿನ ಚಳಿಯಲ್ಲಿ ನಿಂತು ಎಂಜಿನ್ ಬಿಚ್ಚಿ ಜೋಡಿಸಿದ, ತೂತುಗಳಿಗೆ ತೇಪೆ ಹಾಕಿದ ಕೈಗಳೇ ಈ ವಿಮಾನವನ್ನು 137ರವರೆಗೆ ತಂದವು. ಮ್ಯೂಸಿಯಂನವರು ಅವರ ಹೆಸರುಗಳನ್ನೂ ದೊಡ್ಡದಾಗಿ ಬರೆದು ಹಾಕಬೇಕು ಅನ್ನುವುದು ನನ್ನ ಆಸೆ.

1945ರ ಮೇ ತಿಂಗಳಲ್ಲಿ, ಯುದ್ಧ ಮುಗಿದ ಕೂಡಲೇ, ಇದೇ ವಿಮಾನ ಬಿಡುಗಡೆಯಾದ ಯುದ್ಧಕೈದಿಗಳನ್ನು ತುಂಬಿಕೊಂಡು ಊರಿಗೆ ತಂದಿತು. ಈ ಪ್ರಯಾಣಗಳಿಗೂ ಮೂತಿಯ ಮೇಲೆ ಒಂದು ಚಿತ್ರ ಇರಬೇಕಿತ್ತು.

ಈಸ್ಟ್ ಕರ್ಕ್‌ಬಿ

ಹೆಂಡನ್‌ನಲ್ಲಿ ವಿಮಾನದ ಒಳಗೆ ಹತ್ತಲು ಬಿಡುವುದಿಲ್ಲ. ಅದಕ್ಕೆ ಈಸ್ಟ್ ಕರ್ಕ್‌ಬಿಗೆ ಬರಬೇಕು. ಇಲ್ಲಿರುವ ಲ್ಯಾಂಕಾಸ್ಟರಿನ ಹೆಸರು ಜಸ್ಟ್ ಜೇನ್. ನಂಬರ್ ಎನ್ಎಕ್ಸ್611. 1945ರಲ್ಲಿ ತಯಾರಾಗಿದ್ದು, ಬಾಂಬ್ ದಾಳಿಗೆ ಹೋಗಲಿಲ್ಲ, ಆಮೇಲೆ ಫ್ರಾನ್ಸಿನ ನೌಕಾಪಡೆಯಲ್ಲಿತ್ತು. ಇದನ್ನು ಉಳಿಸಿದವರು ಫ್ರೆಡ್ ಮತ್ತು ಹೆರಾಲ್ಡ್ ಪ್ಯಾಂಟನ್ ಎಂಬ ರೈತ ಅಣ್ಣತಮ್ಮಂದಿರು. ಅವರ ದೊಡ್ಡಣ್ಣ ಕ್ರಿಸ್ಟೋಫರ್ ಹ್ಯಾಲಿಫ್ಯಾಕ್ಸ್ ಬಾಂಬರಿನಲ್ಲಿ ಫ್ಲೈಟ್ ಎಂಜಿನಿಯರ್. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ದಾಳಿಯಲ್ಲಿ ಸತ್ತ. ಆ ಒಂದೇ ರಾತ್ರಿ ಬ್ರಿಟನ್ 95 ಬಾಂಬರ್‌ಗಳನ್ನು ಕಳೆದುಕೊಂಡಿತ್ತು. ತಮ್ಮಂದಿರು ಅಣ್ಣನ ನೆನಪಿಗೆ ಹಳೇ ಏರ್‌ಫೀಲ್ಡನ್ನು ಕೊಂಡು, ಈ ವಿಮಾನ ತಂದು ನಿಲ್ಲಿಸಿದರು.

ಒಳಗೆ ಹತ್ತಲು ಮೊದಲೇ ಬುಕ್ ಮಾಡಬೇಕು. ಭಾನುವಾರ ಮುಚ್ಚಿರುತ್ತದೆ. ಹಿಂದಿನ ಬಾಗಿಲಿನಿಂದ ಬಗ್ಗಿಕೊಂಡು ಹೋದರೆ ಮಧ್ಯದಲ್ಲಿ ಸೊಂಟದೆತ್ತರಕ್ಕೆ ಒಂದು ತೊಲೆ ಅಡ್ಡ ಬರುತ್ತದೆ. ರೆಕ್ಕೆಗಳನ್ನು ಹಿಡಿದಿರುವ ತೊಲೆ ಅದು. ಸೀರೆಯುಟ್ಟವರಿಂದ ಆಗದು, ನಾನು ಪ್ಯಾಂಟ್ ಹಾಕಿಕೊಂಡೇ ಮಂಡಿಯೂರಿ ದಾಟಿದೆ. ಆ ಹುಡುಗರು ದಪ್ಪ ಬಟ್ಟೆ, ಪ್ಯಾರಾಶೂಟ್ ಪಟ್ಟಿ ಎಲ್ಲ ಹಾಕಿಕೊಂಡು, ವಿಮಾನ ಉರಿಯುತ್ತಾ ಕೆಳಗೆ ಬೀಳುವಾಗ ಇದನ್ನು ದಾಟಬೇಕಿತ್ತು. ಬಾಲದ ಗನ್ನರಿಗೆ ಇನ್ನೂ ಕಷ್ಟ. ಅವನು ಎಂಟು ಗಂಟೆ ಒಬ್ಬನೇ, ಎಲ್ಲರಿಗೂ ಬೆನ್ನು ತಿರುಗಿಸಿ ಕೂರಬೇಕು. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಚೆನ್ನಾಗಿ ಕಾಣಲಿ ಅಂತ ಕೆಲವರು ಮುಂದಿನ ಗಾಜನ್ನೂ ತೆಗೆಸಿಬಿಡುತ್ತಿದ್ದರು.

ನಾವಿದ್ದಾಗ ಎಂಜಿನ್ ಚಾಲೂ ಮಾಡಿದರು. ಒಂದೊಂದಾಗಿ ನಾಲ್ಕೂ. ಮೊದಲು ನೀಲಿ ಹೊಗೆ, ಆಮೇಲೆ ಎದೆಗೇ ತಾಗುವ ಸದ್ದು. ಪಕ್ಕದಲ್ಲಿ ನಿಂತಿದ್ದ ಚಿಕ್ಕ ಹುಡುಗಿ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ತಮ್ಮ ಮಾತ್ರ ಎಂಜಿನ್ ಹತ್ತಿರ ನಿಂತಿದ್ದ ಮೆಕ್ಯಾನಿಕ್ಕಿನ ಕೈಯನ್ನೇ ನೋಡುತ್ತಿದ್ದ. ಆಮೇಲೆ ಕ್ಯಾಂಟೀನಿನಲ್ಲಿ ಟೋಸ್ಟ್ ಮೇಲೆ ಬೇಯಿಸಿದ ಬೀನ್ಸ್ ತಿಂದೆವು. ಆ ಚಳಿಗೆ ಬಿಸಿಯಾಗಿ ಅದೇ ಅಮೃತ.

ಕೊನೆಯ ದಿನ: ಸ್ಕ್ಯಾಂಪ್ಟನ್

ಲಿಂಕನ್‌ನಿಂದ ಉತ್ತರಕ್ಕೆ ಎ15. ರೋಮನ್ನರು ಹಾಕಿದ ರಸ್ತೆ, ಹಗ್ಗ ಹಿಡಿದು ಗೆರೆ ಎಳೆದಷ್ಟು ನೇರ. ಸ್ಕ್ಯಾಂಪ್ಟನ್ ಬಳಿ ಮಾತ್ರ ಇದ್ದಕ್ಕಿದ್ದ ಹಾಗೆ ಬಿಲ್ಲಿನಂತೆ ಬಾಗುತ್ತದೆ. ಯುದ್ಧದ ನಂತರ ವಲ್ಕನ್ ಬಾಂಬರ್‌ಗಳಿಗೆ ರನ್‌ವೇ ಉದ್ದ ಮಾಡಬೇಕಾಯಿತು. ಅದಕ್ಕೆ ರೋಮನ್ ರಸ್ತೆಯನ್ನೇ ಪಕ್ಕಕ್ಕೆ ಸರಿಸಿದರು.

ಆರ್5868ರ ಯುದ್ಧ ಶುರುವಾದದ್ದು ಇಲ್ಲಿ. ಯುದ್ಧ ಮುಗಿದು ವರ್ಷಗಟ್ಟಲೆ ಎಲ್ಲೋ ಮೂಲೆಯಲ್ಲಿದ್ದ ಅದನ್ನು 1959ರಲ್ಲಿ ತಂದು ನಿಲ್ಲಿಸಿದ್ದೂ ಇಲ್ಲೇ, ಕ್ಯಾಂಪಿನ ಗೇಟಿನ ಬಳಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಿಸಿಲು ಮಳೆಗೆ ನಿಂತಿತ್ತು. ಆಮೇಲೆ ಬಿಚ್ಚಿ, ಸರಿಮಾಡಿ, 1972ರಲ್ಲಿ ಹೆಂಡನ್‌ಗೆ ತಂದರು. ಅಷ್ಟು ಹೊತ್ತಿಗೆ ಬೇರೆ ಎಷ್ಟೋ ಲ್ಯಾಂಕಾಸ್ಟರ್‌ಗಳನ್ನು ಕತ್ತರಿಸಿ ಗುಜರಿಗೆ ಹಾಕಿ ಆಗಿತ್ತು.

ಈಗ ಸ್ಕ್ಯಾಂಪ್ಟನ್ ಮುಚ್ಚಿದೆ. ಇಲ್ಲಿದ್ದ ರೆಡ್ ಆರೋಸ್, ವಾಯುಪಡೆಯ ವಿಮಾನ ಕಸರತ್ತಿನ ತಂಡ, 2022ರಲ್ಲಿ ವ್ಯಾಡಿಂಗ್‌ಟನ್‌ಗೆ ಹೋಯಿತು. ಬೇಲಿಯ ಪಕ್ಕ ನಡೆದಾಡುತ್ತಿದ್ದ ಗಂಡ ಹೆಂಡತಿ ನಮ್ಮನ್ನು ಮಾತಾಡಿಸಿದರು. ಗಂಡ ಒಂದು ಕಾಲದಲ್ಲಿ ಒಳಗೆ ಎಲೆಕ್ಟ್ರಿಷಿಯನ್ ಆಗಿದ್ದವರು. ಹ್ಯಾಂಗರ್‌ಗಳ ಸೂರು ಸೋರುತ್ತಿದೆ, ಬೇಗ ಯಾರಾದರೂ ನೋಡಿಕೊಳ್ಳದಿದ್ದರೆ ಹಾಳಾಗುತ್ತದೆ ಅಂತ ಬಹಳ ಹೊತ್ತು ಹೇಳಿಕೊಂಡರು. ಯಾವ ಹ್ಯಾಂಗರಿನಲ್ಲಿ ಏನಿತ್ತು ಅಂತ ಬೆರಳು ಮಾಡಿ ತೋರಿಸಿದರು. ಬೇಸಿಗೆಯಲ್ಲಿ ಬಂದರೆ ಕಾನಿಂಗ್ಸ್‌ಬಿ ವಾಯುನೆಲೆಯ ಕಡೆ ಹೋಗಿ ಅಂದರು. ಹಾರುವ ಲ್ಯಾಂಕಾಸ್ಟರ್ ಇಡೀ ಪ್ರಪಂಚದಲ್ಲಿ ಎರಡೇ, ಒಂದು ಕೆನಡಾದಲ್ಲಿ, ಇನ್ನೊಂದು ಅಲ್ಲಿ. ಅದು ಮೇಲೇಳುವ ದಿನ ಸುತ್ತಲಿನ ಹೊಲದ ಬದಿಗಳಲ್ಲೇ ಕುರ್ಚಿ ಹಾಕಿಕೊಂಡು ಜನ ಕೂರುತ್ತಾರಂತೆ, ಟಿಕೆಟ್ ಏನೂ ಬೇಡ.

ಜುಲೈ ತಿಂಗಳಿಗೆ ಬೆಂಗಳೂರಿನಿಂದ ವಿಮಾನದ ಟಿಕೆಟ್ ರೇಟ್ ಎಷ್ಟಿದೆ ನೋಡ್ತೀನಿ ಅಂತ ತಮ್ಮ ಕಾರಿನಲ್ಲಿ ಕೂತ ಕೂಡಲೇ ಫೋನ್ ತೆಗೆದ. ಈ ಸಲ ಅಮ್ಮನನ್ನೂ ಕರ್ಕೊಂಡು ಬಾ ಅಕ್ಕ ಅಂದ.